ಹಸಿರು ದೀಪ ಬಿದ್ದ ನಾಣ್ಯಕ್ಕೆ ನಾನು ಸಹಿ ಹಾಕಲಿಲ್ಲ

ಬೆಂಗಳೂರಿನ ಹಾಲ್‌ಮಾರ್ಕ್ ಕೇಂದ್ರದಲ್ಲಿ ಕೆಲಸ ಮಾಡುವಾಗ ಎಕ್ಸ್-ಕಿರಣ ಹಾಯಿಸಿ ಲೋಹಗಳ ಪಾಲು ತೋರಿಸುವ ಎಕ್ಸ್‌ಆರ್‌ಎಫ್ ಯಂತ್ರದ ಮೊದಲ ಸಾಲಿನಲ್ಲಿ 916, ಅಂದರೆ ಸಾವಿರದಲ್ಲಿ 916 ಪಾಲು ಚಿನ್ನ, ಬಂದರೆ ಒಡವೆ ಆ ಹಂತದಲ್ಲಿ ಪಾಸಾಗುತ್ತಿತ್ತು. ಬೆರಕೆ ಬೆಳ್ಳಿಯದೋ ತಾಮ್ರದ್ದೋ ಎಂಬುದು ತೀರ್ಪನ್ನು ಬದಲಿಸುತ್ತಿರಲಿಲ್ಲ. ಈಗ ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ, ಹತ್ತೊಂಬತ್ತನೆಯ ಶತಮಾನದ ಚಿನ್ನದ ನುಗ್ಗಾಟದ (ಗೋಲ್ಡ್ ರಶ್) ಕಾಲದಲ್ಲಿ ಖಾಸಗಿಯವರು ಒತ್ತಿದ ನಾಣ್ಯಗಳನ್ನು ಸಂಗ್ರಾಹಕರಿಗೆ ಮಾರುವ ಅಂಗಡಿಯೊಂದರ ಪರೀಕ್ಷೆಯ ಮೇಜಿನಲ್ಲಿ. ಇಲ್ಲಿ ಬೆಳ್ಳಿ, ತಾಮ್ರ ತೋರಿಸುವ ಎರಡನೆಯ ಮತ್ತು ಮೂರನೆಯ ಸಾಲುಗಳನ್ನು ಓದದಿದ್ದರೆ ಕೆಲಸವೇ ಆಗುವುದಿಲ್ಲ. ನಮ್ಮ ಆಡಳಿತಕ್ಕೆ ಇದನ್ನು ಒಪ್ಪಿಸಲು ನನಗೆ ಇನ್ನೂ ಸಾಧ್ಯವಾಗಿಲ್ಲ.

ಅಂದು ಮೇಜಿಗೆ ಬಂದದ್ದು, ಅಮೆರಿಕ ಸರ್ಕಾರ ಚಿನ್ನದ ಒರೆಗಾರನನ್ನಾಗಿ ನೇಮಿಸಿದ್ದ ಅಗಸ್ಟಸ್ ಹಂಬರ್ಟ್ ಹೆಸರಿನ, ಎಂಟು ಮೂಲೆಯ, 1852ರ ಐವತ್ತು ಡಾಲರಿನ ನಾಣ್ಯ. ಅದರ ಮೇಲೆ 887 ಎಂಬ ಒರೆಯ ಅಂಕಿ ಇತ್ತು. ತೂಕ 85 ಗ್ರಾಮಿಗೆ ಹತ್ತಿರವಿತ್ತು. ಹಂಬರ್ಟ್ ಮೂಲತಃ ನ್ಯೂಯಾರ್ಕಿನಲ್ಲಿ ಗಡಿಯಾರದ ಕವಚ ಮಾಡುತ್ತಿದ್ದವನಾದ್ದರಿಂದ ಅವನ ನಾಣ್ಯದ ಹಿಂಬದಿಯಲ್ಲಿ ಕವಚದ ಮೇಲಿನಂಥ ಸೂಕ್ಷ್ಮ ಗೆರೆಗಳ ಜಾಲವಿರುತ್ತದೆ. ಇದರಲ್ಲಿ ಅದೂ ಚೆನ್ನಾಗಿಯೇ ಮೂಡಿತ್ತು. ಯಂತ್ರ ಚಿನ್ನ 900, ತಾಮ್ರ 100 ಎಂದು ತೋರಿಸಿ ಹಸಿರು ದೀಪ ಹಾಕಿತು. ವ್ಯವಸ್ಥಾಪಕರು ಮಾರಾಟಗಾರರತ್ತ ತಿರುಗಿ ಬೆಲೆಯ ಮಾತನ್ನು ಆರಂಭಿಸಿಯೇಬಿಟ್ಟರು.

ತಕರಾರು ಇದ್ದದ್ದು ಆ ಹಸಿರು ದೀಪದಲ್ಲೇ. ಯಂತ್ರಕ್ಕೆ ಕೊಟ್ಟಿರುವ ಮಾನದಂಡ ಅಮೆರಿಕದ ಸರ್ಕಾರಿ ನಾಣ್ಯದ್ದು, ಅಂದರೆ ತಾಮ್ರ ಬೆರೆಸಿದ 900ರದ್ದು. ಆದರೆ ಕ್ಯಾಲಿಫೋರ್ನಿಯಾದ ಗಣಿಯ ಚಿನ್ನದಲ್ಲಿ ಹುಟ್ಟಿನಿಂದಲೇ ಬೆಳ್ಳಿ ಇರುತ್ತದೆ. ಅದನ್ನು ಬೇರ್ಪಡಿಸಲು ಬೇಕಾದ ಆಮ್ಲ ಆಗಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸಾಕಷ್ಟು ಸಿಗುತ್ತಿರಲಿಲ್ಲವಾದ್ದರಿಂದ 887ರ ನಾಣ್ಯಗಳ ಬೆರಕೆ ಗಣಿಯಿಂದ ಬಂದ ಆ ಬೆಳ್ಳಿಯೇ. ಇಂಥ ನಾಣ್ಯದಲ್ಲಿ ಬೆಳ್ಳಿಯೇ ಕಾಣದೆ 900 ಚಿನ್ನವೂ 100 ತಾಮ್ರವೂ ಬಂದರೆ, ಯಾರೋ ಸರ್ಕಾರಿ ನಾಣ್ಯಗಳನ್ನು ಕರಗಿಸಿ ಇದನ್ನು ಒತ್ತಿರಬೇಕೆಂಬ ಅನುಮಾನ ಬರಲೇಬೇಕು. ಹಂಬರ್ಟ್ ಕೆಲಸ ಮಾಡಿದ ಒರೆ ಕಚೇರಿಯ 900ರ ನಾಣ್ಯಗಳೂ ಇದ್ದವಲ್ಲ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಇದ್ದವು, ಆದರೆ ಅವುಗಳ ಮೇಲೆ 900 ಎಂದೇ ಒತ್ತಲಾಗಿದೆ.

ಎಕ್ಸ್‌ಆರ್‌ಎಫ್ ಓದುವುದು ಮೇಲ್ಮೈಯನ್ನು ಮಾತ್ರ. ಆದ್ದರಿಂದ ಒಳಗಿನ ಲೋಹವನ್ನೂ ತಿಳಿಯಲು, ನೀರಿನಲ್ಲಿ ಮುಳುಗಿಸಿ ತೂಗಿ ಸಾಂದ್ರತೆ ಕಂಡುಹಿಡಿಯುವ ನೀರಿನ ತಕ್ಕಡಿಯನ್ನು ನಾನು ತೆಗೆದೆ. ಈ ತೂಕದ, ಬೆಳ್ಳಿ ಬೆರಕೆಯ 887ರ ನಾಣ್ಯ ನೀರಿನಲ್ಲಿ ಸುಮಾರು 4.8 ಗ್ರಾಂ ಕಳೆದುಕೊಳ್ಳಬೇಕು. ತಾಮ್ರ ಬೆರಕೆಯ 900ರದ್ದಾದರೆ 4.9. ಇಷ್ಟು ಸಣ್ಣ ಅಂತರದಲ್ಲಿ ಅಂಚಿಗೆ ಅಂಟಿದ ಗಾಳಿಗುಳ್ಳೆಗಳೂ ಅಸಲಿ ನಾಣ್ಯವನ್ನು ನಕಲಿಯೆಂದು ತೋರಿಸಿಬಿಡಬಹುದು. ಎದುರಿಗೆ ಕುಳಿತವರು ಅದನ್ನು ಮನೆತನದ ಸೊತ್ತೆಂದು ತಂದಿದ್ದರು. ಅವರಿಗೆ ಅನ್ಯಾಯವಾಗಬಾರದೆಂದು ಕುದಿಸಿ ಆರಿಸಿದ ನೀರನ್ನು ಬಳಸಿ, ಎಂಟೂ ಅಂಚುಗಳ ಮೇಲೆ ಕುಂಚವಾಡಿಸಿ, ದಾರವನ್ನು ಬದಲಿಸಿ ಮತ್ತೆ ಮತ್ತೆ ತೂಗಿದೆ. ವ್ಯವಸ್ಥಾಪಕರು ಗಡಿಯಾರ ನೋಡುತ್ತಲೇ ಇದ್ದರು. ಪ್ರತಿ ಸಲವೂ 4.9ರ ಆಸುಪಾಸೇ ಬಂತು. ನಾನು ಸಹಿ ಹಾಕಲಿಲ್ಲ. ನಾಣ್ಯ ಮಾರಾಟಗಾರರ ಕೈಗೆ ಮರಳಿತು.

ಗಿರಾಕಿಯನ್ನು ಕಳೆದುಕೊಂಡೆವೆಂಬ ಮಾತು ಆ ಸಂಜೆಯ ಸಭೆಯಲ್ಲಿ ಬಂತು, ಅದು ನನಗೆ ಈಗಲೂ ನೋವು ಕೊಡುತ್ತದೆ. ಈ ನಾಣ್ಯಗಳ ಚರಿತ್ರೆಯೇ ಪರೀಕ್ಷೆಯ ಚರಿತ್ರೆ. 1851ರಲ್ಲಿ ಬ್ಯಾಂಕರ್ ಜೇಮ್ಸ್ ಕಿಂಗ್ ಆಫ್ ವಿಲಿಯಂ ಖಾಸಗಿ ನಾಣ್ಯಗಳನ್ನು ಇದೇ ಹಂಬರ್ಟ್‌ನಿಂದ ಪರೀಕ್ಷೆ ಮಾಡಿಸಿದಾಗ ಬಾಲ್ಡ್‌ವಿನ್ ಕಂಪನಿಯ ಇಪ್ಪತ್ತು ಡಾಲರಿನ ನಾಣ್ಯದಲ್ಲಿದ್ದದ್ದು ಸುಮಾರು 19 ಡಾಲರ್ 40 ಸೆಂಟಿನ ಚಿನ್ನವೆಂದು ತಿಳಿಯಿತು. ಬಾಲ್ಡ್‌ವಿನ್ ನಾಣ್ಯಗಳಲ್ಲಿ ಬಹುಪಾಲು ಕುಲುಮೆ ಸೇರಿದವು; 1854ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಟಂಕಸಾಲೆ ತೆರೆದ ಮೇಲೆ ಉಳಿದ ಖಾಸಗಿ ನಾಣ್ಯಗಳಲ್ಲಿ ಎಷ್ಟೋ ಅದೇ ದಾರಿ ಹಿಡಿದವು. ಇಂದು ಸಂಗ್ರಾಹಕ ದೊಡ್ಡ ಹಣ ಕೊಡುವುದು ಆ ಬೆಂಕಿಯಿಂದ ತಪ್ಪಿಸಿಕೊಂಡ ಕೆಲವೇ ನಾಣ್ಯಗಳಿಗೆ. ಅವನ ಕೈಗೆ ಇತ್ತೀಚಿನ ನಕಲನ್ನು ಇಡುವ ಹಕ್ಕು ನಮಗಿಲ್ಲ.

ಮಾನದಂಡದ ಪಟ್ಟಿಯನ್ನು ಬದಲಿಸಿಕೊಡಿ, ಅಸಲಿ 887ರ ನಾಣ್ಯಕ್ಕೆ ಈ ಯಂತ್ರ ಕೆಂಪು ದೀಪ ಹಾಕುತ್ತದೆ ಎಂದು ಬರೆದುಕೊಟ್ಟಿದ್ದೇನೆ. ಖರ್ಚಿನ ಕಾರಣ ಹೇಳಿ ಅದನ್ನು ಮುಂದೂಡುತ್ತಿದ್ದಾರೆ. ಅಲ್ಲಿಯವರೆಗೆ ಚಿನ್ನ, ಬೆಳ್ಳಿ, ತಾಮ್ರ ಮೂರರ ಅಂಕಿಗಳನ್ನೂ ನೀರಿನ ತೂಕವನ್ನೂ ಕೈಯಲ್ಲಿ ಬರೆಯದೆ ಯಾವ ಖಾಸಗಿ ನಾಣ್ಯದ ವರದಿಯನ್ನೂ ನಾನು ಮುಂದಕ್ಕೆ ಕಳಿಸುತ್ತಿಲ್ಲ.