ಸಿಟ್ಟು ಬರುವುದು, ಸಿಟ್ಟು ಮಾಡುವುದು

‘ನನಗೆ ಸಿಟ್ಟು ಬಂತು’ ಎಂದಾಗ ಬಂದದ್ದು ಸಿಟ್ಟು, ನಾನಲ್ಲ. ಕ್ರಿಯಾಪದ ಹೊಂದಿಕೊಳ್ಳುವುದೂ ಸಿಟ್ಟಿಗೇ. ನಿನಗೆ, ಅವಳಿಗೆ, ಊರವರಿಗೆಲ್ಲ ಬಂದರೂ ‘ಬಂತು’ ಬದಲಾಗುವುದಿಲ್ಲ. ಶಾಲೆಯಲ್ಲಿ ಚತುರ್ಥಿಯ ‘ಗೆ’, ‘ಕೆ’ ಪ್ರತ್ಯಯಗಳಿಗೆ ಸಂಪ್ರದಾನದ, ಅಂದರೆ ಕೊಡುವುದರ ಅರ್ಥ ಹೇಳಿಕೊಟ್ಟು, ಬಡವನಿಗೆ ಅನ್ನ ಕೊಟ್ಟಲ್ಲಿಗೆ ಪಾಠ ಮುಗಿಸುತ್ತೇವೆ. ಆದರೆ ಸಿಟ್ಟನ್ನು ಕೊಡುವವರು ಯಾರೂ ಇಲ್ಲವಲ್ಲ. ‘ರಾಮನಿಗೆ ತನ್ನ ಮೇಲೇ ಸಿಟ್ಟು ಬಂತು’ ಎನ್ನುವಲ್ಲಿ ‘ತನ್ನ’ ಯಾರು? ರಾಮನೇ. ‘ತಾನು’ ಸಾಮಾನ್ಯವಾಗಿ ಹಿಡಿಯುವುದು ಕರ್ತೃವನ್ನು. ಹಾಗಾಗಿ ಇಲ್ಲಿ ರಾಮ ಅರ್ಧ ಕರ್ತೃ: ಅನುಭವ ಅವನದು, ಕೆಲಸ ಅವನದಲ್ಲ.

‘ಸಿಟ್ಟು ಮಾಡಿದ’ ಎಂದರೆ ಕೆಲಸವೂ ಅವನದೇ ಆಗುತ್ತದೆ. ಅನುಮಾನ ಬಂದರೆ ‘ಬೇಕಂತಲೇ’ ಸೇರಿಸಿ ನೋಡಿ. ‘ಬೇಕಂತಲೇ ಸಿಟ್ಟು ಮಾಡಿದ’ ಸರಿ; ‘ಅವನಿಗೆ ಬೇಕಂತಲೇ ಸಿಟ್ಟು ಬಂತು’ ನಾಲಿಗೆಗೇ ಒಗ್ಗುವುದಿಲ್ಲ. ಅಪ್ಪಣೆಗೂ ಇದೇ ಲೆಕ್ಕ. ಮಗುವಿಗೆ ‘ಸಿಟ್ಟು ಮಾಡಬೇಡ’ ಅನ್ನಬಹುದು, ‘ನಿನಗೆ ಸಿಟ್ಟು ಬರಬೇಡ’ ಅನ್ನಲಾಗದು. ‘ಅಳು ಬಂತು, ಆದರೂ ಅಳಲಿಲ್ಲ’ ಎಂದು ಇಷ್ಟು ಸಲೀಸಾಗಿ ಹೇಳಲು ಬಿಡುವ ಈ ವ್ಯಾಕರಣದ ಮೇಲೆ ನನಗೆ ಬಹಳ ಪ್ರೀತಿ.

ಜತೆಗೆ ಬರುವ ಕ್ರಿಯಾಪದ ಬದಲಾದರೆ ಭಾವವೇ ಬದಲಾಗುತ್ತದೆ. ನಮ್ಮ ಶಿರಸಿ ಕಡೆ ‘ಬೇಜಾರು ಬಂತು’ ಎಂದರೆ ಸಾಕಾಗಿಹೋಯಿತು. ‘ಬೇಜಾರಾತು’ ಎಂದರೆ ಮನಸ್ಸಿಗೆ ನೋವಾಯಿತು. ‘ಬೇಜಾರು ಮಾಡ್ಕಂಡ’ ಎಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ‘ಮಾಡ್ಕಂಡ’ದೊಳಗಿನ ಆ ‘ಕೊಳ್ಳು’ ಭಾವವನ್ನು ಮಾಡುವವನ ಕಡೆಗೇ ತಿರುಗಿಸುತ್ತದೆ. ಇನ್ನು ‘ಅವನನ್ನು ಕಂಡ್ರೆ ಆಗೂದಿಲ್ಲ’ ಎನ್ನುವಲ್ಲಿ ದ್ವೇಷದ ಹೆಸರೇ ಇಲ್ಲ, ಒಂದು ‘ರೆ’, ಒಂದು ‘ಇಲ್ಲ’ ಸಾಕು.

ಹವ್ಯಕರ ಮನೆಮಾತಾದ ಹವಿಗನ್ನಡದಲ್ಲಿ ‘ಗೆ’ಯ ಮೇಲೆ ಭಾರ ಇನ್ನೂ ಹೆಚ್ಚು. ಅಲ್ಲಿ ಹೆಂಗಸರಿಗೂ ನಪುಂಸಕದ ಕ್ರಿಯಾಪದವೇ: ‘ಆಯಿ (ಅಮ್ಮ) ಬಂತು’, ‘ಆಯಿಗೆ ಸಿಟ್ಟು ಬಂತು’. ಎರಡರಲ್ಲೂ ‘ಬಂತು’ ಒಂದೇ, ಬಂದದ್ದು ಆಯಿಯೋ ಸಿಟ್ಟೋ ಎಂದು ಕ್ರಿಯಾಪದ ನೋಡಿ ತಿಳಿಯುವುದಿಲ್ಲ. ಕಾರವಾರದ ಕೊಂಕಣಿಯೂ ಸಿಟ್ಟಿಗೆ ಚತುರ್ಥಿಯನ್ನೇ ಹಿಡಿಯುತ್ತದೆ. ಬೇರೆ ಭಾಷಾಕುಟುಂಬದ್ದಾದರೂ ಈ ರಚನೆ ಎರಡಕ್ಕೂ ಸಮಾನ.

ಕೆಡುವುದು ಹೆಚ್ಚಾಗಿ ಅನುವಾದದಲ್ಲಿ. ‘ನಾನು ಕೋಪಗೊಂಡಿದ್ದೇನೆ’, ‘ನಾನು ದುಃಖಿತನಾಗಿದ್ದೇನೆ’ ಎಂದು ಸಬ್‌ಟೈಟಲ್‌ನಲ್ಲಿ ಬಂದಾಗ ವ್ಯಾಕರಣದ ತಪ್ಪಿರುವುದಿಲ್ಲ, ಆದರೆ ಪಾತ್ರ ಅರ್ಜಿ ಓದಿದಂತೆ ಕೇಳುತ್ತದೆ. ‘ಸಿಟ್ಟು ಬಂದಿದೆ’, ‘ತುಂಬಾ ಬೇಜಾರಾಗಿದೆ’ ಎಂದು ತಿದ್ದಿದರೆ ಮನುಷ್ಯರ ಮಾತಾಗುತ್ತದೆ. ಮಾತಿನ ಮಟ್ಟಿಗೆ ‘ಪ್ರೀತಿಸುತ್ತೇನೆ’ಗಿಂತ ‘ನಂಗೆ ನೀನಂದ್ರೆ ಇಷ್ಟ’ ಹತ್ತಿರದ್ದು. ಹಾಗೆಂದು ‘ಇಸು’ ಕಂಡಲ್ಲೆಲ್ಲ ಕಿತ್ತುಹಾಕಬೇಡಿ. ಸಂತೈಸುವುದು, ಗೌರವಿಸುವುದು, ಕ್ಷಮಿಸುವುದು ಮನಸ್ಸು ಮಾಡಿ ಮಾಡುವ ಕೆಲಸಗಳು. ಅಲ್ಲಿ ‘ನಾನು’ ಮುಂದೆ ನಿಲ್ಲಲೇಬೇಕು. ‘ನನಗೆ ಕ್ಷಮೆ ಬಂತು’ ಎಂದು ಕನ್ನಡದಲ್ಲಿ ಯಾರೂ ಹೇಳುವುದಿಲ್ಲ.