ಎಷ್ಟು ಮನೆಗೆ ಬೀರಿದೆ?

ಸಂಕ್ರಾಂತಿ ದಿನ ಸಂಜೆ ಅಮ್ಮ ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಮನೆಗೆ ಬೀರಿದೆ?" ಚಿಕ್ಕವಳಿದ್ದಾಗ ರೇಷ್ಮೆ ಲಂಗ ಹಾಕಿಕೊಂಡು, ಎಳ್ಳಿನ ಡಬ್ಬಿ ಹಿಡಿದು ಬೀದಿಯೆಲ್ಲಾ ಸುತ್ತಿ ಬಂದ ಮೇಲೆ ಕೇಳುತ್ತಿದ್ದಳು. ನಾನು ಜರ್ಮನಿಗೆ ಬಂದ ಮೇಲೂ ಬಿಡಲಿಲ್ಲ, ವಿಡಿಯೋ ಕಾಲ್‌ನಲ್ಲಿ ಕೇಳಿದಳು. ಮೊದಲ ವರ್ಷ ನಾನು ಸುಳ್ಳು ಹೇಳಿದೆ. ಐದು ಮನೆ ಅಂದೆ.

ನಮ್ಮದು ತಿಪಟೂರು ಕಡೆ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟು, ಒಳಗಿನ ನೀರೆಲ್ಲಾ ಇಂಗಿ ಕೊಬ್ಬರಿ ಗಿಟುಕು ಅಲ್ಲಾಡುವ ಸದ್ದು ಕೇಳಿದ ಮೇಲೇ ಸುಲಿಯುವ ಊರು. 2022ರ ಅಕ್ಟೋಬರ್‌ನಲ್ಲಿ ಹೊರಟಾಗ ಅಮ್ಮ ಎಳ್ಳು, ಕಡಲೆಬೀಜ, ಹುರಿಗಡಲೆ, ಬೆಲ್ಲ, ಕೊಬ್ಬರಿ ಎಲ್ಲಾ ಬೇರೆ ಬೇರೆ ಕಟ್ಟಿ ಬ್ಯಾಗಿಗೆ ಹಾಕಿದ್ದಳು, ಸಂಕ್ರಾಂತಿಗೆ ಇರಲಿ ಅಂತ. ಕೊಬ್ಬರಿಯನ್ನು ವಿಮಾನ ನಿಲ್ದಾಣದಲ್ಲಿ ತೆಗೆಸಿದರು. ಒಣಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ, ಚೆಕ್‌ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ನಿಯಮ ಸರಿಯೇ. ಆದರೂ ನಮ್ಮ ತೋಟದ ಆ ನಾಲ್ಕು ಗಿಟುಕು ಅಲ್ಲೇ ಬಿಟ್ಟು ಬರುವಾಗ ಅಳು ಬಂತು.

ನಾನು ಸೇರಿದ್ದು ಕೆಮ್ನಿಟ್ಸ್‌ನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಎಂಬೆಡೆಡ್ ಸಿಸ್ಟಮ್ಸ್ ಮಾಸ್ಟರ್ಸ್ ಓದಲು. ವೀಸಾಗೆಂದು 10,332 ಯೂರೋ ಮೊದಲೇ ಖಾತೆಯಲ್ಲಿ ಇಟ್ಟು ಹೋಗಿದ್ದೆ. ಅದರಲ್ಲಿ ತಿಂಗಳಿಗೆ 861 ಮಾತ್ರ ಕೈಗೆ ಬರುತ್ತಿತ್ತು. ಅದು ಅಪ್ಪ ತೋಟದ ಮೇಲೆ ಮಾಡಿದ ಸಾಲ. ಹಾಗಾಗಿ ಒಂದು ಕಾಫಿ ಕುಡಿಯಬೇಕಾದರೂ ಕೈ ಹಿಂದೆ ಬರುತ್ತಿತ್ತು. ಕ್ಲಾಸಿನವರು ಕರೆದರೆ ಓದುವುದಿದೆ ಅನ್ನುತ್ತಿದ್ದೆ. ಎರಡು ಮೂರು ಸಲ ಹಾಗೆ ಹೇಳಿದ ಮೇಲೆ ಅವರೂ ಕರೆಯುವುದನ್ನು ನಿಲ್ಲಿಸಿದರು. ರೈಶೆನ್‌ಹೈನರ್ ರಸ್ತೆಯ ಹಾಸ್ಟೆಲ್ ರೂಮು, ಲೈಬ್ರರಿ, ಮತ್ತೆ ರೂಮು, ಅಷ್ಟೇ.

2023ರ ಸಂಕ್ರಾಂತಿ ಭಾನುವಾರ ಬಂತು, ಜನವರಿ 15. ಜರ್ಮನಿಯಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ, ಹಾಲು ಕೂಡ ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು. ನಾನು ತಂದಿರಲಿಲ್ಲ. ಬೆಳಗ್ಗೆ ಎಂಟಾದರೂ ಸರಿಯಾಗಿ ಬೆಳಕಿಲ್ಲ, ಸಂಜೆ ನಾಲ್ಕೂವರೆಗೆ ಮತ್ತೆ ಕತ್ತಲೆ. ಅಮ್ಮ ಕಟ್ಟಿಕೊಟ್ಟಿದ್ದನ್ನು ಒಂದು ಬಟ್ಟಲಿನಲ್ಲಿ ಬೆರೆಸಿದೆ. ಕೊಬ್ಬರಿ ಇಲ್ಲದ ಎಳ್ಳುಬೆಲ್ಲ. ಕಾರಿಡಾರ್‌ನಲ್ಲಿ ಹದಿನಾಲ್ಕು ಬಾಗಿಲು ಇದ್ದವು. ಬಟ್ಟಲು ಹಿಡಿದು ಒಂದರ ಮುಂದೆ ನಿಂತೆ. ಒಳಗೆ ಯಾರೋ ನಗುತ್ತಿದ್ದರು. ತಟ್ಟಲು ಆಗಲಿಲ್ಲ. ವಾಪಸ್ ಬಂದು ಒಬ್ಬಳೇ ಕೂತು ತಿಂದೆ. ಆಗಲೇ ಅಮ್ಮನ ಕಾಲ್ ಬಂದಿದ್ದು.

ಆ ಫೆಬ್ರವರಿಯಲ್ಲಿ ಒಂದು ಪರೀಕ್ಷೆಯಲ್ಲಿ ಫೇಲಾದೆ. ಯಾರಿಗೂ ಹೇಳದೆ ಎರಡು ವಾರ ಕಳೆದೆ, ಅದೇ ನನ್ನ ಅತೀ ಕೆಟ್ಟ ಕಾಲ. ಆಮೇಲೆ ಪಾಸಾಗಿದ್ದ ಒಬ್ಬ ವಿಯೆಟ್ನಾಂ ಹುಡುಗಿಯ ಹತ್ತಿರ ಹೋಗಿ, ನನಗೆ ಇದು ಅರ್ಥವಾಗಿಲ್ಲ, ಹೇಳಿಕೊಡ್ತೀಯಾ ಅಂದೆ. ಅಷ್ಟು ಕೇಳಲು ನನಗೆ ಐದು ತಿಂಗಳು ಹಿಡಿದಿತ್ತು ನೋಡಿ. ಅವಳು ಹೇಳಿಕೊಟ್ಟಳು. ಬೇಸಿಗೆಯ ಹೊತ್ತಿಗೆ ನಾವಿಬ್ಬರೂ, ಇನ್ನೊಬ್ಬ ಜರ್ಮನ್ ಹುಡುಗಿಯೂ ಸೇರಿ ಸೊನ್ನೆನ್‌ಬೆರ್ಗ್ ಬಡಾವಣೆಯಲ್ಲಿ ಮನೆ ಮಾಡಿದೆವು. ಸೊನ್ನೆನ್‌ಬೆರ್ಗ್ ಅಂದರೆ ಸೂರ್ಯನ ಗುಡ್ಡ. ಹಳೇ ಕಟ್ಟಡಗಳು, ಬಾಡಿಗೆ ಕಡಿಮೆ.

ಎರಡನೇ ಸಂಕ್ರಾಂತಿಯ ಹೊತ್ತಿಗೆ ಜರ್ಮನ್ ಹುಡುಗಿಗೂ ನನಗೂ ಮೂರು ವಾರದಿಂದ ಮಾತಿರಲಿಲ್ಲ. ಅಡುಗೆಮನೆ ಯಾರು ತೊಳೆಯಬೇಕು ಅನ್ನುವ ಜಗಳ, ತಪ್ಪು ಇಬ್ಬರದ್ದೂ ಇತ್ತು. ನಾನು ಟರ್ಕಿ ಅಂಗಡಿಯಿಂದ ಎಳ್ಳು ತಂದಿದ್ದೆ. ಅಲ್ಲಿ ಲೆಬ್ಲೆಬಿ ಅಂತ ಸಿಗುತ್ತದೆ, ಹುರಿಗಡಲೆಯದೇ ದೊಡ್ಡ ರೂಪ, ಕಾಬೂಲಿ ಕಡಲೆಯಿಂದ ಮಾಡಿದ್ದು. ನೋಡಿದ ತಕ್ಷಣ ಗೊತ್ತಾಯಿತು ಇದು ನಮ್ಮದೇ ಅಂತ. ಸಂಜೆ ಒಂದು ಮುಷ್ಟಿ ಎಳ್ಳುಬೆಲ್ಲ ಅವಳ ಮುಂದಿಟ್ಟು, ನಮ್ಮಲ್ಲಿ ಇದನ್ನು ಕೊಡುವಾಗ "ಎಳ್ಳುಬೆಲ್ಲ ತಿಂದು ಒಳ್ಳೆ ಮಾತಾಡಿ" ಅಂತ ಹೇಳುತ್ತೇವೆ ಎಂದು ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತಿಂದಳು. ಆಮೇಲೆ ಅವಳೇ ಪಾತ್ರೆ ತೊಳೆಯಲು ಎದ್ದಳು, ನಾನು ಒರೆಸಿದೆ. ಚಿಕ್ಕಂದಿನಿಂದ ಸುಮ್ನೆ ಬಾಯಿಪಾಠದಂತೆ ಹೇಳಿದ ಮಾತು. ಅವತ್ತು ಮೊದಲ ಸಲ ಅದನ್ನು ಬೇಕಾಗಿ ಹೇಳಿದೆ.

ಮೂರನೆಯದು 2025ರ ಜನವರಿ 14, ಮಂಗಳವಾರ. ಕೆಮ್ನಿಟ್ಸ್ ಆ ವರ್ಷ ಯುರೋಪಿನ ಸಾಂಸ್ಕೃತಿಕ ರಾಜಧಾನಿ, 18ಕ್ಕೆ ಉದ್ಘಾಟನೆ, ಊರೆಲ್ಲಾ ಗಡಿಬಿಡಿ. ನನ್ನ ಗಡಿಬಿಡಿ ಬೇರೆ. ಹತ್ತು ದಿನ ಮೊದಲೇ ಸೂಪರ್ ಮಾರ್ಕೆಟ್ಟಿನಿಂದ ಎರಡು ತೆಂಗಿನಕಾಯಿ ತಂದು ಒಡೆದು, ಕಂದು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ ಕಿಟಕಿ ಕೆಳಗಿನ ಹೀಟರ್ ಮೇಲೆ ಹರವಿದೆ. ಪಕ್ಕದಲ್ಲಿ ಬೆಲ್ಲದ ಚೂರು. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕೊಬ್ಬರಿಯ ರುಚಿ ಅದಕ್ಕಿಲ್ಲ, ಆದರೆ ಮನೆ ತುಂಬಾ ಆ ವಾಸನೆ ಬಂತಲ್ಲ, ಸಾಕಾಯಿತು. ಗೆಳತಿಯರಿಬ್ಬರೂ ಕಡಲೆಬೀಜದ ಸಿಪ್ಪೆ ಉಜ್ಜಿ ಬೇಳೆ ಮಾಡಿದರು.

ಕೆಳಗಿನ ಮನೆಯ ಅಜ್ಜಿಗೂ ಕೊಟ್ಟೆ. ಕ್ರಿಸ್‌ಮಸ್ ಮುಗಿದು ಮೂರು ವಾರವಾದರೂ ಅವರ ಕಿಟಕಿಯಲ್ಲಿ ಕಮಾನಿನಂಥ ಮರದ ದೀಪ ಉರಿಯುತ್ತಿತ್ತು. ಶ್ವಿಬ್‌ಬೋಗನ್ ಅನ್ನುತ್ತಾರೆ. ಅವರು ಹತ್ತಿರದ ಎರ್ಟ್ಸ್‌ಗೆಬಿರ್ಗೆ ಬೆಟ್ಟದ ಕಡೆಯವರು, ಗಣಿ ಕೆಲಸದ ಊರು. ಚಳಿಗಾಲದಲ್ಲಿ ಗಣಿಯವರು ಕತ್ತಲಲ್ಲಿ ಇಳಿದು ಕತ್ತಲಲ್ಲೇ ಮೇಲೆ ಬರುತ್ತಿದ್ದರು, ಬೆಳಕನ್ನೇ ಕಾಣುತ್ತಿರಲಿಲ್ಲ, ಅದಕ್ಕೇ ಕಿಟಕಿಯಲ್ಲಿ ದೀಪ, ಫೆಬ್ರವರಿ 2ರವರೆಗೆ ಇಡುತ್ತೇವೆ ಅಂದರು. ನಮ್ಮದೂ ಸೂರ್ಯ ವಾಪಸ್ ಬರುವ ಹಬ್ಬ ಅಂದೆ. ಒಳಗೆ ಕರೆದು ಕೂರಿಸಿದರು. ಎದ್ದಾಗ ಏಳು ಗಂಟೆ. ಡಬ್ಬಿ ಖಾಲಿ ಕೊಡಲಿಲ್ಲ, ಉಳಿದಿದ್ದ ಸ್ಟೋಲನ್, ಅಂದರೆ ಅವರ ಕ್ರಿಸ್‌ಮಸ್ ಕೇಕು, ಕತ್ತರಿಸಿ ತುಂಬಿದರು. ಖಾಲಿ ಡಬ್ಬಿ ಕೊಡಬಾರದು ಅಂತ ಅವರಿಗೆ ನಾನು ಹೇಳಿರಲಿಲ್ಲ.

ಅವತ್ತು ಅಮ್ಮನಿಗೆ ಹನ್ನೊಂದು ಅಂದೆ. ನಿಜವಾಗಿ ಹನ್ನೊಂದು.

ಸೆಪ್ಟೆಂಬರ್‌ನಲ್ಲಿ ಥೀಸಿಸ್ ಮಂಡಿಸಿದೆ. ಫೇಲಾಗಿದ್ದ ವಿಷಯದ ಮೇಲೇ ಬರೆದಿದ್ದೆ, ಒಳ್ಳೆ ಅಂಕ ಬಂತು. ಪ್ರಮಾಣಪತ್ರ ಕೈಗೆ ಬಂದ ದಿನ ಅದನ್ನು ಕ್ಯಾಮೆರಾಗೆ ಹಿಡಿದು ತೋರಿಸಿದೆ. ಅಪ್ಪ ಕನ್ನಡಕ ಹಾಕಿಕೊಂಡು, ಜರ್ಮನ್‌ನಲ್ಲಿದ್ದರೂ, ನನ್ನ ಹೆಸರಿನ ಜಾಗ ಹುಡುಕಿ ಓದಿದರು. ಆಗ ಅಮ್ಮನಿಗೆ ಮೊದಲ ವರ್ಷದ ಸುಳ್ಳು ಹೇಳಿಬಿಟ್ಟೆ. ಐದು ಮನೆಯಲ್ಲ, ಒಂದು ಬಾಗಿಲೂ ತಟ್ಟಿರಲಿಲ್ಲ ಅಂತ.

"ಗೊತ್ತಿತ್ತು ಬಿಡು," ಅಂದಳು. "ಐದು ಮನೆ ಸುತ್ತಿ ಬಂದೋಳು ಯಾರು ಏನು ಅಂದ್ರು ಅಂತ ಒಂದು ಮಾತಾದ್ರೂ ಹೇಳ್ತಿರಲಿಲ್ವಾ?"

ಈಗ ನನಗೆ ಲೈಪ್ಸಿಗ್‌ನಲ್ಲಿ ಕೆಲಸ ಸಿಕ್ಕಿದೆ, ಮನೆ ಬದಲಾಯಿಸಿದ್ದೇನೆ. ಅಮ್ಮನಿಗೆ ಹೇಳಿದಾಗ ಸಂಬಳ ಕೇಳಲಿಲ್ಲ. "ಆ ಕೆಳಗಿನ ಮನೆ ಅಜ್ಜಿಗೆ ಈ ಸಲ ಎಳ್ಳು ಯಾರು ಕೊಡ್ತಾರೆ?" ಅಂದಳು.

ನಾನೇ. ರೈಲಿನಲ್ಲಿ ಒಂದು ಗಂಟೆ.