ಒಡೆಯದ ಗುಳ್ಳೆಗಳು

ಇವತ್ತು ಲ್ಯಾಬಲ್ಲಿ ಮೈಕ್ರೋಸ್ಕೋಪ್ ಬಿಟ್ಟು ಏಳೋಕೆ ಮನಸ್ಸೇ ಬರಲಿಲ್ಲ.

ಜುರ್ಕಾಟ್ ಅಂದರೆ ಲ್ಯಾಬಲ್ಲಿ ಬೆಳೆಸುವ, ಮನುಷ್ಯರ ರಕ್ತಕ್ಯಾನ್ಸರ್‌ನ ಕೋಶಗಳು. ಅವುಗಳ ಮೈಮೇಲೆ ಫಾಸ್ ಎಂಬ ರಿಸೆಪ್ಟರ್, ಅಂದರೆ ಹೊರಗಿನ ಸಂಕೇತ ಹಿಡಿಯುವ ಪ್ರೋಟೀನ್ ಇದೆ. ಅದಕ್ಕೆ ಅಂಟುವ ಆಂಟಿಬಾಡಿ ಹಾಕಿ ಕೆಲವು ಗಂಟೆ ಆಗಿತ್ತು. ದುಂಡಗೆ ನುಣ್ಣಗಿದ್ದ ಕೋಶದ ಮೈಮೇಲೆ ಒಂದು ಗುಳ್ಳೆ ಎದ್ದಿತು. ಪಕ್ಕದಲ್ಲೇ ಇನ್ನೊಂದು. ಆಮೇಲೆ ಮೈತುಂಬಾ, ಕುದಿಯುವ ಗಂಜಿಯ ಹಾಗೆ. ಆದರೆ ಒಡೆಯಲಿಲ್ಲ. ಒಳಗಿನದು ಹೊರಗೆ ಚೆಲ್ಲಲಿಲ್ಲ. ಕೋಶ ತನ್ನನ್ನು ತಾನೇ ಅಚ್ಚುಕಟ್ಟಾಗಿ ಮುಗಿಸಿಕೊಳ್ಳುವ ಈ ಸಾವಿಗೆ ಅಪೊಪ್ಟೋಸಿಸ್ ಅಂತ ಹೆಸರು.

ಆ ಆಂಟಿಬಾಡಿ ಕೋಶದ ಒಳಗೆ ಹೋಗಬೇಕಾಗಿಯೇ ಇಲ್ಲ, ಗೊತ್ತಾ? ಹೊರಗಿನಿಂದ ಫಾಸ್ ರಿಸೆಪ್ಟರ್‌ಗಳನ್ನು ಒಟ್ಟುಗೂಡಿಸಿದರೆ ಸಾಕು. ನಮ್ಮ ಮೈಯಲ್ಲಿ ಈ ಕೆಲಸ ಫಾಸ್‌ಗೆ ಅಂಟುವ ಫಾಸ್ ಲೈಗ್ಯಾಂಡ್ ಎಂಬ ಪ್ರೋಟೀನ್‌ನದು. ರಿಸೆಪ್ಟರ್‌ನ ಒಳಬಾಲಕ್ಕೆ ಫ್ಯಾಡ್ ಎಂಬ ಪ್ರೋಟೀನ್ ಅಂಟುತ್ತದೆ. ಅದಕ್ಕೆ ಕ್ಯಾಸ್ಪೇಸ್-8, ಪ್ರೋಟೀನ್‌ಗಳನ್ನು ಕತ್ತರಿಸುವ ಒಂದು ಕಿಣ್ವ. ಒತ್ತೊತ್ತಾಗಿ ಸೇರಿದ ಕ್ಯಾಸ್ಪೇಸ್-8ಗಳು ಒಂದನ್ನೊಂದು ಕತ್ತರಿಸಿ ಚುರುಕಾಗುತ್ತವೆ, ಕೋಶವನ್ನು ಒಳಗಿನಿಂದ ಕತ್ತರಿಸಿ ಹಾಕುವ ಕ್ಯಾಸ್ಪೇಸ್-3 ಅನ್ನು ಎಬ್ಬಿಸುತ್ತವೆ. ಜುರ್ಕಾಟ್‌ನಂಥ ಕೋಶಗಳಲ್ಲಿ ಮೈಟೊಕಾಂಡ್ರಿಯಾದ ನೆರವೂ ಬೇಕು.

ನನಗೆ ತುಂಬಾ ಇಷ್ಟವಾಗುವುದು ಆಮೇಲಿನದು. ಕೋಶ ತನ್ನ ಪೊರೆಯ ಒಳಮೈಯಲ್ಲಿದ್ದ ಒಂದು ಕೊಬ್ಬಿನ ಅಣುವನ್ನು ಹೊರಮೈಗೆ ತರುತ್ತದೆ. ನನ್ನನ್ನು ತಿಂದುಬಿಡಿ ಅನ್ನುವ ಗುರುತು ಅದು. ದೇಹದೊಳಗಾದರೆ ಮ್ಯಾಕ್ರೋಫೇಜ್ ಎಂಬ ಕಸ ಗುಡಿಸುವ ರಕ್ಷಕ ಕೋಶಗಳು ಬಂದು ನುಂಗುತ್ತವೆ. ಸಾಮಾನ್ಯವಾಗಿ ಉರಿಯೂತವೂ ಆಗುವುದಿಲ್ಲ. ಎಷ್ಟು ಕಾಳಜಿಯ ಸಾವು!

ಸಾವು ಅಂದ್ರೆ ಕೆಟ್ಟದ್ದು ಅಂತಲೇ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಫಾಸ್ ಜೀನ್‌ನಲ್ಲಿ ದೋಷವಿರುವ ಮಕ್ಕಳಿದ್ದಾರೆ. ಕೆಲಸ ಮುಗಿದ ಮೇಲೆ ಸಾಯಬೇಕಾದ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅವರಲ್ಲಿ ಉಳಿದುಬಿಡುತ್ತವೆ. ಕುತ್ತಿಗೆಯಲ್ಲಿ ಗಂಟು, ಊದಿದ ಗುಲ್ಮ. ಎಷ್ಟೋ ಮಕ್ಕಳಲ್ಲಿ ರೋಗನಿರೋಧಕ ವ್ಯವಸ್ಥೆ ತಮ್ಮದೇ ರಕ್ತಕಣಗಳ ಮೇಲೆ ಬೀಳುತ್ತದೆ. ಎಎಲ್‌ಪಿಎಸ್ (ಆಟೋಇಮ್ಯೂನ್ ಲಿಂಫೋಪ್ರೊಲಿಫರೇಟಿವ್ ಸಿಂಡ್ರೋಮ್) ಅಂತ ಆ ಕಾಯಿಲೆಯ ಹೆಸರು. ಹೆಚ್ಚಾಗಿ ಚಿಕ್ಕಂದಿನಲ್ಲೇ ಕಾಣಿಸಿಕೊಳ್ಳುತ್ತದೆ.